ದೋಣಿಯ ಎಂಜಿನ್‌ಗೆ ನೀರು ಹಿಂದಿನಿಂದ ಬರುತ್ತದೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹಿನ್ನೀರಿನಲ್ಲಿ ದೋಣಿ ಕೆಟ್ಟು ನಿಂತಾಗಲೆಲ್ಲ ಪತ್ರಿಕೆಗಳಲ್ಲಿ ಒಂದೇ ಮಾತು ಬರುತ್ತದೆ: ‘ತಾಂತ್ರಿಕ ದೋಷ’. ಅದನ್ನು ಓದಿದಾಗ ನನಗೆ ಕೈ ತುರಿಸುತ್ತದೆ. ಯಾವ ದೋಷ? ಯಾವ ಪೈಪು, ಯಾವ ಬೋಲ್ಟು? ಟ್ರ್ಯಾಕ್ಟರ್ ನಿಂತರೆ ಹಳ್ಳಿಯ ಹುಡುಗನೂ ‘ಡೀಸೆಲ್ ಲೈನ್‌ಗೆ ಗಾಳಿ ಹಿಡಿದಿದೆ’ ಅನ್ನುತ್ತಾನೆ. ದೋಣಿ ನಿಂತರೆ ಮಾತ್ರ ಎಲ್ಲರೂ ‘ತಾಂತ್ರಿಕ’ ಅಂದು ಸುಮ್ಮನಾಗುತ್ತೇವೆ. ಹೋದ ಫೆಬ್ರವರಿಯಲ್ಲಿ ನನ್ನ ಕೈಗೆ ಬಂದ ಒಂದು ಎಂಜಿನ್‌ನ ಕತೆ ಹೇಳುತ್ತೇನೆ. ಪತ್ರ ಉದ್ದವಾಗುತ್ತದೆ, ಗೊತ್ತು. ಕತ್ತರಿಸಲೇಬೇಕು ಅಂದರೆ ನನ್ನ ಸ್ವಂತ ಪುರಾಣ ಕತ್ತರಿಸಿ. ಪೈಪಿನ ವಿಷಯ ಮುಟ್ಟಬೇಡಿ. ಪೈಪ್ ಕತ್ತರಿಸಿದ್ದರಿಂದಲೇ ಈ ಕತೆ ಹುಟ್ಟಿದ್ದು.

ನಾನು ಹಾಸನದಲ್ಲಿ ಡೀಸೆಲ್ ಮೆಕ್ಯಾನಿಕ್. ಬಿ.ಎಂ. ರಸ್ತೆಯಿಂದ ಒಳಗೆ ಒಂದು ತಗಡಿನ ಶೆಡ್ ಇದೆ. ಟ್ರ್ಯಾಕ್ಟರ್, ಪಂಪ್‌ಸೆಟ್, ಕಲ್ಯಾಣ ಮಂಟಪಗಳ ಜನರೇಟರ್, ಸಕಲೇಶಪುರ ಕಡೆಯ ತೋಟಗಳ ಎಂಜಿನ್, ಎಲ್ಲವೂ ಬರುತ್ತವೆ. ಅದಕ್ಕೂ ಮೊದಲು 14 ವರ್ಷ ಮಲ್ಪೆಯ ಧಕ್ಕೆಯಲ್ಲಿ ಬೋಟ್ ಎಂಜಿನ್ ಕೆಲಸ ಮಾಡಿದ್ದೇನೆ. ಹಾಸನದವನು ಸಮುದ್ರಕ್ಕೆ ಯಾಕೆ ಹೋದ ಅಂತ ಕೇಳುತ್ತಾರೆ. ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟು 1979ರಲ್ಲಿ ಮುಗಿಯಿತು. ನಮ್ಮಪ್ಪನ ಎರಡು ಎಕರೆ ರಾಗಿ ಹೊಲ ಹಿನ್ನೀರಿನ ಪಾಲಾಯಿತು. ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗುವ ಫೋಟೋ ಹಾಕುತ್ತೀರಲ್ಲ, ಅದೇ ನೀರು. ಹೊಲ ಹೋದ ಮೇಲೆ ಮನೆಯವರು ಒಬ್ಬೊಬ್ಬರು ಒಂದೊಂದು ದಿಕ್ಕು ಹಿಡಿದರು. ನಾನು ಶಿರಾಡಿ ಘಾಟಿ ಇಳಿದೆ.

ಈಗ ಆ ದೋಣಿ. ಹೇಮಾವತಿಯೋ, ಬೇಲೂರಿನ ಯಗಚಿಯೋ, ಲಕ್ಕವಳ್ಳಿಯ ಭದ್ರೆಯೋ, ಅದನ್ನು ಹೇಳುವುದಿಲ್ಲ. ಮಾಲೀಕರಿಗೆ ಮುಜುಗರ ಬೇಡ. ಆರು ಮೀಟರ್ ಉದ್ದದ ಫೈಬರ್ ದೋಣಿ. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಹೊಟ್ಟೆಯೊಳಗೆ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್. ಹಿಂದೆ ನೇತುಹಾಕುವ ಔಟ್‌ಬೋರ್ಡ್ ಅಲ್ಲ, ಒಳಗೇ ಕೂರಿಸಿದ ಇನ್‌ಬೋರ್ಡ್. ಮಾಲೀಕರು ಸೋಮವಾರ ಬೆಳಿಗ್ಗೆ ಫೋನ್ ಮಾಡಿದರು. ‘ಅಣ್ಣಾ, ಸೆಲ್ಫ್ ತಗೊಳ್ತಾ ಇಲ್ಲ. ಟಕ್ ಅನ್ನುತ್ತೆ, ನಿಲ್ಲುತ್ತೆ. ಬ್ಯಾಟ್ರಿ ವೀಕು ಅನ್ಸುತ್ತೆ.’

ನಾನು ‘ಇನ್ನು ಕೀ ಮುಟ್ಟಬೇಡಿ’ ಅಂದೆ. ಆ ಕಡೆ ಎರಡು ಕ್ಷಣ ಸದ್ದಿಲ್ಲ. ಆಮೇಲೆ, ‘ಟ್ರ್ಯಾಕ್ಟರಿನ ಬ್ಯಾಟ್ರಿ ತಂದು ಕೊಟ್ಟೂ ನೋಡಿದ್ವಿ ಅಣ್ಣಾ.’

ಎಂಜಿನ್ ಕೆಟ್ಟಿದ್ದು ಆಗ. ಅದಕ್ಕೆ ಮೊದಲು ಅದು ಬರೀ ಒದ್ದೆಯಾಗಿತ್ತು.

ಹೋಗಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂರೂ ನಾಝಲ್ ಬಿಚ್ಚಿದೆ. ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲಿ ನಿಧಾನ ತಿರುಗಿಸಿದೆ. ಎರಡನೇ ತೂತಿನಿಂದ, ಮೂರನೇ ತೂತಿನಿಂದ ನೀರು ಹೋಳಿ ಪಿಚಕಾರಿಯ ಹಾಗೆ ಹಾರಿತು. ಮಾಲೀಕರ ಮಗ ಒಂದು ಹೆಜ್ಜೆ ಹಿಂದೆ ಸರಿದ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದರೆ ಹಾಲು ಜಾಸ್ತಿ ಬಿದ್ದ ಕಾಫಿಯ ಬಣ್ಣ, ಆಯಿಲ್‌ಗೂ ನೀರು ಬೆರೆತಿತ್ತು. ಆಮೇಲೆ ಒಂದು ನೇರವಾದ ತಂತಿಯನ್ನು ನಾಝಲ್ ತೂತಿನಿಂದ ಇಳಿಸಿ, ಪ್ರತಿ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಗುರುತು ಹಾಕಿದೆ. ಒಂದನೆಯದು, ಎರಡನೆಯದು ಒಂದೇ ಮಟ್ಟ. ಮೂರನೆಯದು ಎರಡು ಮಿಲಿಮೀಟರ್ ಕೆಳಗೇ ನಿಂತಿತು. ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಕನೆಕ್ಟಿಂಗ್ ರಾಡ್ ಬಗ್ಗಿತ್ತು.

ನೀರು ರಾಡ್ ಬಗ್ಗಿಸುತ್ತದಾ ಅಂತ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಆ ಎಂಜಿನ್‌ನ ಒಂದು ಸಿಲಿಂಡರ್ ಸುಮಾರು 350 ಸಿಸಿ. ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚುಕಡಿಮೆ ಇಪ್ಪತ್ತನೇ ಒಂದು ಭಾಗಕ್ಕೆ ಒತ್ತುತ್ತದೆ. ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 18 ಸಿಸಿ ಅಷ್ಟೇ. ನಾಲ್ಕು ಟೀ ಚಮಚ. ಗಾಳಿಯಾದರೆ ಒತ್ತಿದಷ್ಟೂ ಕುಗ್ಗುತ್ತದೆ. ನೀರು ಕುಗ್ಗುವುದಿಲ್ಲ. ನಾಲ್ಕು ಚಮಚಕ್ಕಿಂತ ಜಾಸ್ತಿ ನೀರಿದ್ದರೆ ಪಿಸ್ಟನ್‌ಗೆ ಮೇಲೆ ಹೋಗಲು ಜಾಗವೇ ಇಲ್ಲ. ಚಿಕ್ಕ ಬ್ಯಾಟರಿ ಇದ್ದಾಗ ಸೆಲ್ಫ್ ಸೋತು ಟಕ್ ಅಂತ ನಿಂತಿತ್ತು. ಟ್ರ್ಯಾಕ್ಟರಿನ ಬ್ಯಾಟರಿ ಸೋಲಲಿಲ್ಲ. ಆದ್ದರಿಂದ ರಾಡ್ ಸೋತಿತು.

ಸರಿ, ನೀರು ಬಂದಿದ್ದು ಎಲ್ಲಿಂದ? ಮಳೆಯಿಲ್ಲ. ದೋಣಿಯ ತಳದಲ್ಲಿ ನೀರಿಲ್ಲ. ತಂಪು ಮಾಡುವ ನೀರು ಸಿಲಿಂಡರಿಗೆ ಸೋರದ ಹಾಗೆ ತಡೆಯುವ ಹೆಡ್ ಗ್ಯಾಸ್ಕೆಟ್ ಚೆನ್ನಾಗಿತ್ತು. ನೀರು ಬಂದಿದ್ದು ಹೊಗೆ ಹೋಗುವ ದಾರಿಯಿಂದ.

ಇದನ್ನು ನಮ್ಮ ಕಡೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಟ್ರ್ಯಾಕ್ಟರಿನ ಸೈಲೆನ್ಸರ್ ಆಕಾಶಕ್ಕೆ ಬಾಯಿ ಬಿಟ್ಟುಕೊಂಡು ನಿಂತಿರುತ್ತದೆ. ಅದರೊಳಗೆ ಹೋಗಬಹುದಾದ್ದು ಮಳೆ ನೀರು ಒಂದೇ. ಅದಕ್ಕೆ ರೈತರು ಒಂದು ಹಳೇ ಡಬ್ಬವನ್ನೋ ತೆಂಗಿನ ಚಿಪ್ಪನ್ನೋ ಕವುಚುತ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ. ದೋಣಿಯ ಇನ್‌ಬೋರ್ಡ್ ಎಂಜಿನ್‌ನ ಹೊಗೆ ಪೈಪ್ ಹಾಗಲ್ಲ. ಅದು ಹಿಂದಿನ ಹಲಗೆಯಲ್ಲಿ, ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಬಾಯಿ ಬಿಟ್ಟಿರುತ್ತದೆ. ಇನ್ನೂ ಒಂದು ವಿಶೇಷ ಇದೆ. ಅದರೊಳಗೆ ನಾವೇ ನೀರು ಬಿಡುತ್ತೇವೆ. ಹೊಗೆ ನೂರಾರು ಡಿಗ್ರಿ ಸುಡುತ್ತಿರುತ್ತದೆ. ಅದನ್ನು ಹಾಗೇ ರಬ್ಬರ್ ಪೈಪಿಗೆ ಬಿಟ್ಟರೆ ಪೈಪ್ ಸುಟ್ಟು, ಫೈಬರ್ ದೋಣಿಗೂ ಬೆಂಕಿ. ಹಾಗಾಗಿ ಕೆರೆಯ ನೀರನ್ನೇ ಒಂದು ಪಂಪ್ ಎಳೆದು, ಎಂಜಿನ್ ತಂಪು ಮಾಡಿ, ಕೊನೆಗೆ ಹೊಗೆಯ ಬೆಂಡಿನೊಳಗೆ ಸುರಿಯುತ್ತದೆ. ಹೊಗೆಯೂ ನೀರೂ ಸೇರಿ ಒಂದು ಡಬ್ಬಕ್ಕೆ ಬೀಳುತ್ತವೆ. ಅಂಗಡಿಯಲ್ಲಿ ಅದನ್ನು ವಾಟರ್‌ಲಾಕ್ ಅನ್ನುತ್ತಾರೆ. ಡಬ್ಬದಿಂದ ಹೊಗೆಯ ಒತ್ತಡವೇ ನೀರನ್ನು ಮೇಲಕ್ಕೆ ದಬ್ಬಿ ಹೊರಗೆ ಉಗುಳುತ್ತದೆ. ಇನ್‌ಬೋರ್ಡ್ ದೋಣಿ ಓಡುವಾಗ ಹಿಂದೆ ಗುಳುಗುಳು ಅಂತ ನೀರು ಉಗುಳುವುದನ್ನು ನೋಡಿರುತ್ತೀರಿ.

ಎಂಜಿನ್ ಓಡುವವರೆಗೂ ಎಲ್ಲ ಸರಿ. ಹೊಗೆ ದಬ್ಬುತ್ತಿರುತ್ತದೆ, ನೀರು ಒಳಗೆ ಬರಲಾರದು. ಎಂಜಿನ್ ನಿಂತ ಮೇಲೆ ಕಾವಲಿಗೆ ಯಾರೂ ಇಲ್ಲ. ಆಗ ನೀರನ್ನು ತಡೆಯುವುದು ಪೈಪಿನ ಆಕಾರ ಒಂದೇ. ಡಬ್ಬದಿಂದ ಹೊರಟ ಪೈಪ್ ಮೊದಲು ಮೇಲೆ ಏರಬೇಕು, ನೀರಿನ ಮಟ್ಟಕ್ಕಿಂತ ಒಂದು ಗೇಣಿಗೂ ಜಾಸ್ತಿ ಎತ್ತರಕ್ಕೆ. ಅಲ್ಲಿ ಒಂದು ಗೂನು. ಆಮೇಲೆ ಇಳಿಜಾರಾಗಿ ಹೊರಗಿನ ಬಾಯಿಗೆ. ಹಿಂದಿನಿಂದ ಅಲೆ ನುಗ್ಗಿದರೂ ಆ ಗೂನು ಹತ್ತಲಾರದೆ ವಾಪಸ್ ಹೋಗುತ್ತದೆ. ಹಿತ್ತಲ ನೀರು ಅಡುಗೆಮನೆಗೆ ಬರದಿರಲಿ ಅಂತ ಹೊಸಿಲು ಎತ್ತರ ಕಟ್ಟುತ್ತೇವಲ್ಲ, ಅದೇ ಲೆಕ್ಕ.

ಈ ದೋಣಿಯಲ್ಲಿ ಗೂನು ಇರಲಿಲ್ಲ. ಒಂದು ಕಾಲದಲ್ಲಿ ಇತ್ತು. ಅದನ್ನು ಕಟ್ಟಿದ್ದ ಕ್ಲ್ಯಾಂಪಿನ ತೂತುಗಳು ಇನ್ನೂ ಹಾಗೇ ಇದ್ದವು. ಮಧ್ಯೆ ಯಾರೋ ಒಬ್ಬ ಮೆಕ್ಯಾನಿಕ್ ಪೈಪ್ ಸುಮ್ನೆ ಹಾವಿನ ಹಾಗೆ ಸುತ್ತಿದೆ, ಜಾಗ ತಿನ್ನುತ್ತಿದೆ ಅಂದುಕೊಂಡು ಕತ್ತರಿಸಿ, ನೇರ ಮಾಡಿ, ಎರಡೂ ಕಡೆ ಹೊಸ ಕ್ಲಿಪ್ ಹಾಕಿದ್ದರು. ಕೆಲಸ ನೀಟಾಗಿತ್ತು, ಒಪ್ಪಬೇಕು. ಉಳಿದ ತುಂಡು ಪೈಪನ್ನು ಮಾಲೀಕರು ಮನೆಯಲ್ಲಿ ದನಕ್ಕೆ ನೀರು ಬಿಡಲು ಇಟ್ಟುಕೊಂಡಿದ್ದರು.

ಗೂನು ಇಲ್ಲದೆಯೂ ಆ ದೋಣಿ ಒಂದು ವರ್ಷ ಓಡಿದೆ. ಯಾಕೆಂದರೆ ಹೊರಗಿನ ಬಾಯಿಗೆ ಒಂದು ರಬ್ಬರ್ ಮುಚ್ಚಳ ಇತ್ತು. ಹೊಗೆ ದಬ್ಬಿದಾಗ ತೆರೆಯುತ್ತದೆ, ನಿಂತಾಗ ಬಿದ್ದು ಮುಚ್ಚಿಕೊಳ್ಳುತ್ತದೆ. ಬಾವಿಯ ಫುಟ್‌ವಾಲ್ವ್ ಇದ್ದ ಹಾಗೆ. ಫುಟ್‌ವಾಲ್ವ್ ಅನ್ನು ನಂಬಿ ಸಂಸಾರ ಮಾಡುವವರಿಗೆ ಅದರ ಬಣ್ಣ ಗೊತ್ತು. ಒಂದು ಎಲೆ ಸಿಕ್ಕಿಹಾಕಿಕೊಂಡರೆ ಮುಗಿಯಿತು. ಈ ಮುಚ್ಚಳ ಬಿಸಿಲಿಗೆ ಒಣಗಿ, ಹಪ್ಪಳದ ಹಾಗೆ ಮಡಚಿಕೊಂಡು, ಅರ್ಧ ತೆರೆದೇ ನಿಂತಿತ್ತು. ಮುಚ್ಚಳ ಇರಬೇಕು. ಆದರೆ ಅದು ಗೂನಿಗೆ ಬದಲಿ ಅಲ್ಲ.

ಆದರೂ ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲಿದ್ದ ಬಾಯಿಗೆ ನೀರು ಮುಟ್ಟಿದ್ದು ಹೇಗೆ? ನಮ್ಮ ಜಲಾಶಯಗಳಲ್ಲಿ ಮಲ್ಪೆಯ ಅಲೆ ಇಲ್ಲ. ನಾನೂ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ದಡ ನೋಡಿದೆ. ಮಾಲೀಕರು ನೆಂಟರ ಮದುವೆಗೆ ಮೂರು ದಿನ ಹೋಗಿದ್ದರು. ಗುರುವಾರ ಸಂಜೆ ದೋಣಿಯ ಮೂತಿಯನ್ನು ದಡದ ಇಳಿಜಾರಿಗೆ ತಾಗಿಸಿ, ಗಿಡ್ಡ ಹಗ್ಗದಲ್ಲಿ ಒಂದು ಒಣಮರದ ಬುಡಕ್ಕೆ ಬಿಗಿದಿದ್ದರು. ಆಗ ನಾಲೆಗೆ ನೀರು ಬಿಡುತ್ತಿದ್ದ ಸಮಯ. ಮೂರು ದಿನದಲ್ಲಿ ಜಲಾಶಯ ಸುಮಾರು ಒಂದು ಅಡಿ ಇಳಿದಿತ್ತು. ದಡದ ಕೆಸರಿನ ಮೇಲೆ ಗೆರೆಗಳು ಕಾಣುತ್ತಿದ್ದವು. ನೀರು ಇಳಿಯಿತು, ಮೂತಿ ಮಣ್ಣಿನ ಮೇಲೆ ಅಲ್ಲೇ ಉಳಿಯಿತು, ಹಿಂಭಾಗ ಕೆಳಗೆ ಹೋಯಿತು. ಅಮ್ಮಂದಿರು ನೀರು ಬಸಿಯಲು ಪಾತ್ರೆಯನ್ನು ಓರೆ ಮಾಡುತ್ತಾರಲ್ಲ, ಹಾಗೆ. ಹೊಗೆ ಪೈಪಿನ ಬಾಯಿ ನೀರೊಳಗೆ ಹೋಯಿತು. ಅರ್ಧ ತೆರೆದ ಮುಚ್ಚಳ, ನೇರ ಪೈಪ್. ನೀರು ಡಬ್ಬ ತುಂಬಿತು, ಬೆಂಡ್ ಹತ್ತಿತು. ಎಂಜಿನ್ ನಿಂತಾಗ ಯಾವ ಸಿಲಿಂಡರಿನ ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದಿತ್ತೋ ಅದರೊಳಗೆ ಇಳಿಯಿತು. ಆಮೇಲೆ ಕೀ ತಿರುಗಿಸಿದಾಗ ಪಕ್ಕದ್ದಕ್ಕೂ ನುಗ್ಗಿತು.

ಸಮುದ್ರದಲ್ಲಿ ದಿನಕ್ಕೆ ಎರಡು ಸಲ ಉಬ್ಬರ ಇಳಿತ ಬರುತ್ತದೆ. ಮೀನುಗಾರರ ಕೈ ಹಗ್ಗ ಬಿಡುವಾಗಲೇ ಅದರ ಲೆಕ್ಕ ಹಾಕುತ್ತದೆ. ನಮ್ಮವರು ಜಲಾಶಯ ಅಂದರೆ ನಿಂತ ನೀರು ಅಂದುಕೊಂಡಿದ್ದಾರೆ. ಬೇಸಿಗೆಯಲ್ಲಿ ಅದು ಇಳಿಯುತ್ತದೆ, ಜುಲೈನಲ್ಲಿ ಒಂದೇ ರಾತ್ರಿಯಲ್ಲಿ ಏರುತ್ತದೆ. ಏರುವಾಗ ಗಿಡ್ಡ ಹಗ್ಗ ಮೂತಿಯನ್ನು ಕೆಳಗೆ ಜಗ್ಗುತ್ತದೆ, ಅದು ಇನ್ನೊಂದು ರಗಳೆ. ದೋಣಿಯನ್ನು ನೆಲ ತಾಗದ ಹಾಗೆ ಆಳದಲ್ಲಿ ಲಂಗರು ಹಾಕಿ ಬಿಡಬೇಕು. ಇಲ್ಲವೇ ದಿನಕ್ಕೊಮ್ಮೆ ಯಾರಾದರೂ ಹೋಗಿ ಹಗ್ಗ ನೋಡಬೇಕು. ಹಸು ಕಟ್ಟಿದವರು ಮೂರು ದಿನ ಮದುವೆಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತಾರಲ್ವಾ?

ಇನ್ನೊಂದು ದಾರಿಯಿಂದಲೂ ನೀರು ಬರುತ್ತದೆ. ಇದು ಕಳ್ಳದಾರಿ. ಡ್ರಮ್ಮಿನಿಂದ ಡೀಸೆಲ್ ತೆಗೆಯುವಾಗ ಪೈಪ್ ಬಾಯಲ್ಲಿ ಎಳೆದು ಕೆಳಗೆ ಬಿಡುತ್ತೇವೆ. ಒಮ್ಮೆ ಶುರುವಾದರೆ ಡ್ರಮ್ ಖಾಲಿಯಾಗುವವರೆಗೂ ತಾನಾಗಿಯೇ ಹರಿಯುತ್ತದೆ. ದೋಣಿಯಲ್ಲೂ ಹಾಗೇ ಆಗಬಹುದು. ಕೆರೆಯೇ ಡ್ರಮ್, ತಂಪು ಮಾಡುವ ನೀರಿನ ಲೈನೇ ಪೈಪ್. ಎಂಜಿನ್ ಕೆಳಮಟ್ಟದಲ್ಲಿ ಕೂತಿದ್ದು, ನೀರು ಹೊಗೆಗೆ ಸೇರುವ ಜಾಗ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಎಂಜಿನ್ ನಿಂತ ಮೇಲೂ ಪಂಪಿನ ರೆಕ್ಕೆಗಳ ಸಂದಿನಿಂದ ನೀರು ತೊಟ್ಟಿಕ್ಕುತ್ತಾ ಹರಿಯುತ್ತದೆ. ರಾತ್ರಿಯೆಲ್ಲ. ಬೆಳಿಗ್ಗೆ ಎಂಜಿನ್ ತುಂಬಿರುತ್ತದೆ. ಅದಕ್ಕೇ ಆ ಲೈನನ್ನು ನೀರಿನ ಮಟ್ಟಕ್ಕಿಂತ ಒಂದು ಅಡಿ ಮೇಲೆ ಎತ್ತಿ, ಆ ಎತ್ತರದ ತುದಿಯಲ್ಲಿ ಒಂದು ಸಣ್ಣ ಗಾಳಿ ವಾಲ್ವ್ ಇಡುತ್ತಾರೆ. ಎಂಜಿನ್ ನಿಂತ ತಕ್ಷಣ ಅದು ಗಾಳಿ ಎಳೆದುಕೊಂಡು ಹರಿವನ್ನು ಮುರಿಯುತ್ತದೆ. ಡೀಸೆಲ್ ಪೈಪಿನ ಮೇಲುಭಾಗಕ್ಕೆ ಸೂಜಿ ಚುಚ್ಚಿದರೆ ಹರಿವು ನಿಲ್ಲುತ್ತದೆ, ಅದೇ ಉಪಾಯ. ಸಮುದ್ರದಲ್ಲಿ ಈ ವಾಲ್ವ್ ಉಪ್ಪು ಕಟ್ಟಿ ಕೆಡುತ್ತದೆ. ನಮ್ಮ ಕಡೆ ಉಪ್ಪಿಲ್ಲವಲ್ಲ ಅಂತ ನಾನು ನಿಶ್ಚಿಂತೆಯಾಗಿದ್ದೆ. ಈ ದೋಣಿಯ ವಾಲ್ವ್ ಬಿಚ್ಚಿದರೆ ಅದರ ತೂತಿಗೆ ಕಡಜ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಮಲ್ಪೆಯಲ್ಲಿ 14 ವರ್ಷದಲ್ಲಿ ಕಲಿಯದ ಪಾಠ.

ಮೂರನೆಯದು ಸೆಲ್ಫ್. ಇದರಲ್ಲಿ ನನ್ನದೇ ತಪ್ಪಿನ ಕತೆ ಇದೆ. ಮಲ್ಪೆಗೆ ಹೋದ ಎರಡನೇ ವರ್ಷ. ಮಳೆಗಾಲದ ರಜೆಯಲ್ಲಿ ಬೋಟುಗಳೆಲ್ಲ ರಿಪೇರಿಗೆ ನಿಲ್ಲುತ್ತವೆ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಸಮುದ್ರಕ್ಕೆ ಹೋಗುವಂತಿಲ್ಲ. ದೊಡ್ಡ ಬೋಟುಗಳಲ್ಲಿ ಹೆಚ್ಚಾಗಿ ಒಣ ಹೊಗೆ ಪೈಪ್ ಮೇಲಕ್ಕೆ ಹೋಗುತ್ತಿತ್ತು. ನನಗೆ ಸಿಕ್ಕಿದ್ದು ನೀರು ಸೇರಿಸುವ ಹೊಗೆ ಪೈಪಿನ ಒಂದು ಚಿಕ್ಕ ಬೋಟು. ಡೀಸೆಲ್ ಫಿಲ್ಟರ್ ಬದಲಿಸಿದ್ದೆ, ಲೈನಲ್ಲಿ ಗಾಳಿ ಉಳಿದಿತ್ತು. ಎಂಜಿನ್ ಹಿಡಿಯಲಿಲ್ಲ. ನಾನು ಸೆಲ್ಫ್ ಹೊಡೆದೆ, ಹೊಡೆದೆ, ಬ್ಯಾಟರಿ ಬದಲಿಸಿ ಮತ್ತೆ ಹೊಡೆದೆ. ಎಂಜಿನ್ ಸ್ಟಾರ್ಟ್ ಆಗದಿದ್ದರೂ ನೀರಿನ ಪಂಪ್ ಅದರ ಜೊತೆ ತಿರುಗುತ್ತದೆ ಅನ್ನುವುದು ತಲೆಗೇ ಬರಲಿಲ್ಲ. ನೀರು ಡಬ್ಬಕ್ಕೆ ಬೀಳುತ್ತಲೇ ಇತ್ತು. ಹೊರಗೆ ದಬ್ಬಲು ಹೊಗೆ ಇಲ್ಲ. ಸಣ್ಣ ಎಂಜಿನ್ ಆದರೆ ಒಟ್ಟು ಮೂರು ನಾಲ್ಕು ನಿಮಿಷ ಸೆಲ್ಫ್ ಹೊಡೆದರೆ ಸಾಕು, ಡಬ್ಬ ತುಂಬಿ ನೀರು ಹಿಂದಕ್ಕೆ, ಎಂಜಿನ್ ಕಡೆಗೆ ನಡೆಯುತ್ತದೆ. ಬೋಟ್ ನಡೆಸುವ ತಾಂಡೇಲರು ಬಂದು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು. ‘ನೀರು ಮುಚ್ಚಿದ್ದೀಯಾ ಮಾರಾಯ?’

ಮುಚ್ಚಿರಲಿಲ್ಲ. ಆ ದಿನ ರಾಡ್ ಬಗ್ಗಲಿಲ್ಲ, ಪುಣ್ಯ. ಆಯಿಲ್ ಮೂರು ಸಲ ಬದಲಿಸಿದೆ. ಆ ಆಯಿಲ್ ದುಡ್ಡು ನನ್ನ ಸಂಬಳದಿಂದ ಹೋಯಿತು.

ಅಂದಿನಿಂದ ನನ್ನ ಲೆಕ್ಕ ಇದು: ಎರಡು ಸಲ ಸೆಲ್ಫ್ ಹೊಡೆದು ಎಂಜಿನ್ ಹಿಡಿಯಲಿಲ್ಲವಾ, ಹೊರಗಿನ ನೀರು ಪಂಪಿಗೆ ಬರುವ ತಳದ ವಾಲ್ವ್ ಮುಚ್ಚು. ಆಮೇಲೆ ಕಾರಣ ಹುಡುಕು. ಡಬ್ಬದ ಕೆಳಗೆ ಒಂದು ತಿರುಪು ಇರುತ್ತದೆ, ಬಿಚ್ಚಿ ನೀರು ಬಸಿ. ಎಂಜಿನ್ ಹಿಡಿದ ಮರುಕ್ಷಣ ವಾಲ್ವ್ ತೆರೆ. ತೆರೆಯಲು ಮರೆತರೆ ಪಂಪಿನ ರಬ್ಬರ್ ರೆಕ್ಕೆ ಒಣಗಿಯೇ ತಿರುಗಿ ಸ್ವಲ್ಪ ಹೊತ್ತಿನಲ್ಲೇ ಚೂರಾಗುತ್ತದೆ, ಹೊಗೆ ಪೈಪ್ ಬೇಯುತ್ತದೆ. ಮಲ್ಪೆಯಲ್ಲಿ ನಾವು ವಾಲ್ವ್ ಮುಚ್ಚಿದರೆ ಎಂಜಿನ್ ಕೀಯನ್ನು ವಾಲ್ವಿನ ಹಿಡಿಗೇ ನೇತುಹಾಕುತ್ತಿದ್ದೆವು. ಕೀ ಬೇಕೆಂದರೆ ಅಲ್ಲಿಗೇ ಕೈ ಹೋಗಬೇಕು. ರಾತ್ರಿ ದೋಣಿ ಕಟ್ಟುವಾಗಲೂ ಹೀಗೇ ಮಾಡಿದರೆ ಆ ಕಳ್ಳದಾರಿಯೂ ಮುಚ್ಚುತ್ತದೆ. ಖರ್ಚು ಒಂದು ತುಂಡು ದಾರ.

ಡಬ್ಬದ ಅಳತೆಯ ಬಗ್ಗೆಯೂ ಒಂದು ಮಾತು. ಎಂಜಿನ್ ನಿಂತಾಗ ಗೂನಿನ ಈಚೆಗಿನ ಪೈಪಿನಲ್ಲಿದ್ದ ನೀರೆಲ್ಲ ಡಬ್ಬಕ್ಕೆ ವಾಪಸ್ ಬೀಳುತ್ತದೆ. ಎರಡು ಇಂಚಿನ ಪೈಪ್ ಒಂದು ಮೀಟರಿಗೆ 2 ಲೀಟರ್ ಹಿಡಿಯುತ್ತದೆ. ಡಬ್ಬದಿಂದ ಗೂನಿನವರೆಗೆ ಪೈಪ್ ಎರಡು ಮೀಟರ್ ಉದ್ದ ಇದ್ದರೆ 4 ಲೀಟರ್. 3 ಲೀಟರಿನ ಡಬ್ಬ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿದರೆ ಮಿಕ್ಕ ಒಂದು ಲೀಟರ್ ಎಲ್ಲಿಗೆ ಹೋಗಬೇಕು? ಡಬ್ಬ ಎಂಜಿನ್‌ನ ಬೆಂಡಿಗಿಂತ ಒಂದು ಅಡಿಯಾದರೂ ಕೆಳಗಿರಬೇಕು. ಅಷ್ಟು ಜಾಗ ಇಲ್ಲ ಅಂತ ಸಮಮಟ್ಟಕ್ಕೆ ಇಡುವವರಿದ್ದಾರೆ. ಹಾಗಂತ ಗೂನನ್ನು ಆಕಾಶಕ್ಕೆ ಏರಿಸಲೂಬಾರದು. ಡಬ್ಬದಿಂದ ಒಂದು ಮೀಟರಿಗಿಂತ ಜಾಸ್ತಿ ಎತ್ತಿದರೆ ಹೊಗೆಗೆ ನೀರು ದಬ್ಬುವುದೇ ಕಷ್ಟ, ಎಂಜಿನ್ ಉಸಿರು ಕಟ್ಟಿ ಕಪ್ಪು ಹೊಗೆ ಬಿಡುತ್ತದೆ.

ಇನ್ನು ಜನ. ವಾರಾಂತ್ಯದಲ್ಲಿ ಬರುವವರಲ್ಲಿ ಅರ್ಧ ಜನಕ್ಕೆ ಹಿಂದೆಯೇ ಕೂರಬೇಕು, ಗಾಳಿ ಚೆನ್ನಾಗಿ ಬರುತ್ತದೆ, ಫೋಟೋಗೂ ಒಳ್ಳೆಯದು. ಹತ್ತು ಜನ ಹಿಂದೆ ಕೂತರೆ ಆರು ಕ್ವಿಂಟಲ್. ಆಗ ಹೊಗೆ ಪೈಪಿನ ಬಾಯಿ ಎಲ್ಲಿರುತ್ತದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ. ದೋಣಿ ಖಾಲಿ ಇದ್ದಾಗ ಅಳತೆ ತೆಗೆದರೆ ಪ್ರಯೋಜನವಿಲ್ಲ. ದಡದಲ್ಲೇ ಜನ ತುಂಬಿಸಿ, ಎಲ್ಲರನ್ನೂ ಹಿಂದೆ ಕೂರಿಸಿ, ಆಗ ನೋಡಬೇಕು. ಆಗಲೂ ಬಾಯಿ ನೀರಿನ ಮೇಲಿದ್ದರೆ ಸರಿ. ಜೋರಾಗಿ ಹೋಗುತ್ತಿದ್ದ ದೋಣಿಯ ಥ್ರಾಟಲ್ ಒಮ್ಮೆಲೇ ಇಳಿಸುವುದು ಇನ್ನೊಂದು ಹುಚ್ಚು. ಯಾರೋ ‘ಅಣ್ಣಾ, ಸೆಲ್ಫಿ’ ಅನ್ನುತ್ತಾರೆ, ಅಣ್ಣ ಗಕ್ಕನೆ ನಿಲ್ಲಿಸುತ್ತಾನೆ. ದೋಣಿ ನಿಂತರೂ ಅದು ಎಬ್ಬಿಸಿದ ಅಲೆ ನಿಲ್ಲುವುದಿಲ್ಲ. ಹಿಂದಿನಿಂದ ಬಂದು ನೇರ ಹೊಗೆ ಪೈಪಿಗೇ ಗುದ್ದುತ್ತದೆ. ವೇಗ ನಿಧಾನ ಇಳಿಸಿ, ಅಲೆ ಮುಂದೆ ಹಾಯ್ದ ಮೇಲೆ ಎಂಜಿನ್ ಆಫ್ ಮಾಡಿದರೆ ಏನೂ ಆಗುವುದಿಲ್ಲ.

ಕೆಟ್ಟ ದೋಣಿಯನ್ನು ಇನ್ನೊಂದು ದೋಣಿ ಎಳೆದು ತರುವಾಗಲೂ ಇದೇ ಎಚ್ಚರಿಕೆ. ಎಂಜಿನ್ ಓಡುತ್ತಿಲ್ಲ, ಆದರೆ ತಳದ ಬಾಯಿಗೆ ನೀರು ಒತ್ತುತ್ತಿರುತ್ತದೆ. ವಾಲ್ವ್ ಮುಚ್ಚಿ, ನಿಧಾನ ಎಳೆಯಬೇಕು. ನಮ್ಮ ಕಡೆ ಈಗ ಜೆಟ್ ಸ್ಕೀಯೂ ಬಂದಿದೆ. ಅದು ಮಗುಚಿದರೆ ಯಾವ ಕಡೆಯಿಂದ ಎತ್ತಬೇಕು ಅಂತ ಹಿಂದುಗಡೆ ಬಾಣದ ಗುರುತಿನ ಸ್ಟಿಕ್ಕರ್ ಇರುತ್ತದೆ. ಆ ಕಡೆಯಿಂದಲೇ ಎತ್ತಬೇಕು. ಉಲ್ಟಾ ಎತ್ತಿದರೆ ಹೊಗೆ ಡಬ್ಬದ ನೀರು ಎಂಜಿನ್‌ಗೆ ಇಳಿಯುತ್ತದೆ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಪೇಂಟಿನಲ್ಲಾದರೂ ಬರೆದುಕೊಳ್ಳಿ.

ನೀರು ಹೋದ ಮೇಲೆ ಏನು ಮಾಡಬೇಕು ಅಂತ ಕೇಳುತ್ತಾರೆ. ಮೊದಲು, ಕೀ ಬಿಟ್ಟು ದೂರ ಬನ್ನಿ. ನಾಝಲ್ ಬಿಚ್ಚಿ, ಕೈಯಲ್ಲಿ ತಿರುಗಿಸಿ, ನೀರು ಹೊರಹಾಕಿ. ತೂತುಗಳಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಎಂಜಿನ್ ಸ್ವಲ್ಪ ಓಡಿಸಿ, ಮತ್ತೆ ಬದಲಿಸಿ, ಬಣ್ಣ ತಿಳಿಯಾಗುವವರೆಗೂ. ಇದೆಲ್ಲ ಅದೇ ದಿನ ಆಗಬೇಕು. ‘ಸಮುದ್ರದ ನೀರಲ್ಲ, ಸಿಹಿನೀರು, ಭಾನುವಾರ ನೋಡೋಣ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಉಪ್ಪುನೀರು ಬೇಗ ತಿನ್ನುತ್ತದೆ, ಸಿಹಿನೀರು ನಿಧಾನ ತಿನ್ನುತ್ತದೆ, ಅಷ್ಟೇ ವ್ಯತ್ಯಾಸ. ಒಂದು ವಾರ ಬಿಟ್ಟರೆ ಪಿಸ್ಟನ್ ರಿಂಗ್ ಸಿಲಿಂಡರಿನ ಗೋಡೆಗೆ ತುಕ್ಕಿನಲ್ಲಿ ಅಂಟಿ ಕೂತಿರುತ್ತದೆ.

ಪರೀಕ್ಷೆ ಮಾಡಲು ಬರುವ ಅಧಿಕಾರಿಗಳಿಗೆ ಒಂದು ವಿನಂತಿ. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಎಂಜಿನ್ ಇರುವ ದೋಣಿಗೆ ತಪಾಸಣೆ, ನೋಂದಣಿ ಎರಡೂ ಬೇಕು. ಒಳ್ಳೆಯದು. ಲೈಫ್ ಜಾಕೆಟ್ ಎಣಿಸುತ್ತೀರಿ, ಅದು ಎಲ್ಲಕ್ಕಿಂತ ಮೊದಲು ಆಗಲೇಬೇಕು. ಜೊತೆಗೆ ಎಂಜಿನ್ ಮುಚ್ಚಳ ಎತ್ತಿ, ಹೊಗೆ ಪೈಪಿನ ಮೇಲೆ ಕಣ್ಣು ಹಾಯಿಸಿ. ಎಂಜಿನ್‌ನಿಂದ ಹೊರಬಾಯಿಯವರೆಗೆ ಬೆರಳಲ್ಲಿ ಗೆರೆ ಎಳೆಯಿರಿ. ಬೆರಳು ಮೇಲೆ ಹತ್ತಿ ಇಳಿಯದೇ ಹೊರಗೆ ಹೋಯಿತು ಅಂದರೆ ಏನೋ ತಪ್ಪಿದೆ. ಎರಡು ನಿಮಿಷದ ಕೆಲಸ. ಪೈಪ್ ಜಾಯಿಂಟಿನಲ್ಲಿ ಮಸಿ ಕಂಡರೆ ಅಲ್ಲಿಂದ ಹೊಗೆ ಸೋರುತ್ತಿದೆ ಅಂತ ಅರ್ಥ. ಮುಚ್ಚಿದ ಕ್ಯಾಬಿನ್ ಇದ್ದರೆ ಅದು ಎಂಜಿನ್‌ಗಿಂತ ಮನುಷ್ಯರಿಗೆ ಜಾಸ್ತಿ ಅಪಾಯ. ಎಂಜಿನ್ ನಿಂತು ದೋಣಿ ನಡುನೀರಿನಲ್ಲಿ ಸಂಜೆ ಗಾಳಿಗೆ ಅಡ್ಡ ತಿರುಗಿದಾಗ, ಒಳಗೆ ಮಕ್ಕಳಿದ್ದಾಗ, ‘ತಾಂತ್ರಿಕ ದೋಷ’ ಅನ್ನುವ ಮಾತು ಯಾರಿಗೂ ಕೇಳಿಸುವುದಿಲ್ಲ.

ಆ ದೋಣಿಯ ಕತೆ ಮುಗಿಸುತ್ತೇನೆ. ರಾಡ್ ಬದಲಾಯಿತು, ಪಿಸ್ಟನ್ ಬದಲಾಯಿತು. ರಬ್ಬರ್ ಮುಚ್ಚಳ ಹೊಸದು. ಗಾಳಿ ವಾಲ್ವಿನ ತೂತಿಗೆ ಸೊಳ್ಳೆ ಪರದೆಯ ಒಂದು ಚೂರು ಕಟ್ಟಿದ್ದೇನೆ, ಗಾಳಿ ಹೋಗಲಿ, ಕಡಜ ಬೇಡ. ಗೂನಿಗೆ ಪೈಪ್ ಬೇಕಲ್ಲ? ದನದ ತೊಟ್ಟಿಯ ಹತ್ತಿರ ಬಿದ್ದಿದ್ದ ಆ ತುಂಡನ್ನೇ ಮಗ ಎತ್ತಿಕೊಂಡು ಬಂದ. ಬಿಸಿಲಿಗೆ ಬಿರುಕು ಬಿಟ್ಟಿತ್ತು, ವಾಪಸ್ ಕಳಿಸಿ ಹೊಸದು ತರಿಸಿದೆ. ದುಡ್ಡು ಎಷ್ಟಾಯಿತು ಅಂತ ಬರೆಯುವುದಿಲ್ಲ. ಎರಡು ಸೀಸನ್‌ನ ದುಡಿಮೆ ಹೋಯಿತು ಅಂತ ಮಾಲೀಕರೇ ಹೇಳಿದರು.

ಈಗ ಅವರಿಗೆ ಒಂದು ಹೊಸ ಅಭ್ಯಾಸ ಬಂದಿದೆ. ಬೆಳಿಗ್ಗೆ ನಿಮ್ಮ ಪತ್ರಿಕೆ ಬಂದ ತಕ್ಷಣ ಮೊದಲು ನೋಡುವುದು ಜಲಾಶಯಗಳ ಮಟ್ಟ ಹಾಕುವ ಆ ಚಿಕ್ಕ ಚೌಕವನ್ನು. ಹೇಮಾವತಿ ಗರಿಷ್ಠ 2922 ಅಡಿ, ಭದ್ರಾ 186 ಅಡಿ, ಇಂದಿನ ಮಟ್ಟ ಇಷ್ಟು, ಹೊರಹರಿವು ಇಷ್ಟು. ನಿನ್ನೆಗಿಂತ ಎಷ್ಟು ಇಳಿದಿದೆ ಅಂತ ಲೆಕ್ಕ ಹಾಕಿ, ಅಷ್ಟು ಹಗ್ಗ ಬಿಡುತ್ತಾರೆ. ಆದ್ದರಿಂದ ಸಂಪಾದಕರೇ, ಹಬ್ಬದ ದಿನ ಜಾಹೀರಾತು ಜಾಸ್ತಿ ಬಂತು ಅಂತ ಆ ಚೌಕವನ್ನು ಬಿಡಬೇಡಿ. ಹೋದ ಯುಗಾದಿಗೆ ಬಿಟ್ಟಿದ್ದಿರಿ. ಅವರು ಬೆಳಿಗ್ಗೆ ಏಳು ಗಂಟೆಗೆ ನನಗೆ ಫೋನ್ ಮಾಡಿ, ‘ಅಣ್ಣಾ, ಇವತ್ತು ನೀರೆಷ್ಟು?’ ಅಂತ ಕೇಳಿದರು.

ಇತಿ ನಮಸ್ಕಾರಗಳೊಂದಿಗೆ,
ಒಬ್ಬ ಡೀಸೆಲ್ ಮೆಕ್ಯಾನಿಕ್, ಹಾಸನ